ಎರಡನೆಯ ದೀಕ್ಷಾಸ್ನಾನ

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕರೋಲ್ ಬಾಗಿನಲ್ಲಿ ಅಂಗಡಿಗಳ ಶಟರ್ ಇನ್ನೂ ಎದ್ದಿರುವುದಿಲ್ಲ. ಆ ಹೊತ್ತಿಗೆ ನಮ್ಮ ಮನೆಯವರು ಎರಡು ದಿಕ್ಕಿಗೆ ಹೊರಡುತ್ತೇವೆ. ನಾನೂ ನನ್ನ ಹೆಂಡತಿಯೂ ಮೆಟ್ರೊ ಹಿಡಿದು ನಮ್ಮ ಹಳೆಯ ಚರ್ಚಿಗೆ. ಮಗಳು ನಾಲ್ಕು ಗಲ್ಲಿ ಆಚೆ, ನಡೆದುಕೊಂಡೇ, ಒಂದು ಹೋಟೆಲಿನ ನೆಲಮಾಳಿಗೆಯ ಹಾಲ್‌ಗೆ. ಶನಿವಾರ ರಾತ್ರಿ ಅಲ್ಲಿ ಯಾರದೋ ಮದುವೆಯ ಊಟ ನಡೆದಿರುತ್ತದೆ. ಬೆಳಗಾಗುವಷ್ಟರಲ್ಲಿ ಅವೇ ಕುರ್ಚಿಗಳನ್ನು ಸಾಲಾಗಿ ಇಟ್ಟು, ಡ್ರಮ್ಮು, ಕೀಬೋರ್ಡು ಜೋಡಿಸಿ, ಹಾಡಿನ ಸಾಲುಗಳನ್ನು ಪರದೆಯ ಮೇಲೆ ಬಿಟ್ಟಿರುತ್ತಾರೆ. ಹೋದ ಜನವರಿಯಲ್ಲಿ, ಅದೇ ಹೋಟೆಲಿನ ತಾರಸಿಯ ಮೇಲೆ ಪ್ಲಾಸ್ಟಿಕ್ ತೊಟ್ಟಿ ಇಟ್ಟು, ನನ್ನ ಮಗಳಿಗೆ ದೀಕ್ಷಾಸ್ನಾನ ಕೊಟ್ಟರು.

ಅದು ಅವಳಿಗೆ ಎರಡನೆಯದು. ಮೊದಲನೆಯದು ಮಂಗಳೂರಿನಲ್ಲಿ, ಅವಳಿಗೆ ಮೂರು ತಿಂಗಳಾಗಿದ್ದಾಗ. ಅಯ್ಯನವರ ಮುಂದೆ ಅವಳನ್ನು ಎತ್ತಿಕೊಂಡು ನಿಂತವರು ನನ್ನ ಅಪ್ಪ.

ಚರ್ಚಿನ ಒಳಗಿನ ಈ ಜಗಳ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮದು ಬಾಸೆಲ್ ಮಿಶನ್ನಿನಿಂದ ಬಂದ ಸಭೆ, ಈಗ ಸಿಎಸ್‌ಐ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನಮ್ಮಲ್ಲಿ ಕೂಸಿನ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ. ತಂದೆತಾಯಿ ಮಾಡಿದ ಪ್ರಮಾಣವನ್ನು ಮಗು ದೊಡ್ಡದಾದ ಮೇಲೆ ದೃಢೀಕರಣದ ದಿನ ತನ್ನ ಬಾಯಿಂದ ಹೇಳುತ್ತದೆ. ಹೊಸ ಸಭೆಗಳಲ್ಲಿ ಹೆಚ್ಚಿನವು ಇದನ್ನು ಒಪ್ಪುವುದಿಲ್ಲ. ನಂಬಿದ ಮೇಲೆ ದೀಕ್ಷಾಸ್ನಾನ, ಅದೂ ಪೂರ್ತಿ ಮುಳುಗಿ. ಆದ್ದರಿಂದ ಅವರ ಲೆಕ್ಕದಲ್ಲಿ ಇದು ಎರಡನೆಯದಲ್ಲ, ಇದೇ ಮೊದಲನೆಯದು. ಕೂಸಿನ ತಲೆಗೆ ಹಾಕಿದ್ದು ಬರೀ ನೀರು.

ಈ ‘ಬರೀ ನೀರು’ ಎಂಬ ಮಾತೇ ಅಪ್ಪನಿಗೆ ನಾಟಿದ್ದು. ಅವರಿಗೆ ಈಗ ಎಂಬತ್ತನಾಲ್ಕು. ಅವರ ಅಪ್ಪ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಸುದ್ದಿ ಕೇಳಿ ಫೋನಿನಲ್ಲಿ, “ಹಾಗಾದರೆ ನಾನು ಎತ್ತಿಕೊಂಡು ನಿಂತದ್ದು ಏನು, ಬೊಂಬೆಯಾಟವಾ?” ಅಂದರು. ಸ್ವಲ್ಪ ಸುಮ್ಮನಿದ್ದು, “ಅವಳ ಅಜ್ಜಿ ಮುಳುಗಿದವಳಲ್ಲ. ಅವಳು ಈಗ ಎಲ್ಲಿದ್ದಾಳಂತೆ, ಕೇಳಿ ಹೇಳು” ಅಂದರು. ಅಮ್ಮ ಹೋಗಿ ಆರು ವರ್ಷ. ನಾನು ಮಗಳನ್ನು ಅದನ್ನು ಕೇಳಲಿಲ್ಲ. ಮೂರು ತಿಂಗಳು ಅಜ್ಜ, ಮೊಮ್ಮಗಳು ಮಾತಾಡಲಿಲ್ಲ.

ಮಗಳು ಸುಮ್ಮನೆ ಗುಂಪಿನ ಹಿಂದೆ ಹೋದವಳಲ್ಲ. ದೃಢೀಕರಣ ಆಗಿತ್ತಲ್ಲ ಎಂದರೆ, “ಆಗ ನನಗೆ ಹದಿನಾಲ್ಕು ಅಪ್ಪ. ಬಿಳಿ ಬಟ್ಟೆ ಹೊಲಿಸಿದ್ದು ನೆನಪಿದೆ, ಬಿರಿಯಾನಿ ನೆನಪಿದೆ. ದೇವರಿಗೆ ಏನು ಹೇಳಿದೆ ಅನ್ನುವುದು ನೆನಪಿಲ್ಲ” ಅನ್ನುತ್ತಾಳೆ. ಇನ್ನೊಂದು ವಿಷಯವನ್ನು ಅವಳು ಎತ್ತುವುದಿಲ್ಲ, ನಾನೇ ಬರೆಯುತ್ತೇನೆ. ಮೂರು ವರ್ಷದ ಹಿಂದೆ ಅವಳಿಗೆ ಡೆಂಗಿ ಬಂದಾಗ ನಾವಿಬ್ಬರೂ ಊರಿನಲ್ಲಿದ್ದೆವು. ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕಿದವರು, ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು, ಗಂಜಿ ಮಾಡಿ ತಂದವರು ಆ ಹಾಲ್‌ನ ಹುಡುಗ ಹುಡುಗಿಯರು. ಆಗ ಅವಳಿಗೆ ಅವರು ಹೆಚ್ಚು ಪರಿಚಯವೂ ಇರಲಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಹೋಗುತ್ತಿರುವ ಚರ್ಚಿನಲ್ಲಿ ಅವಳ ಹೆಸರನ್ನು ರೋಗಿಗಳ ಪ್ರಾರ್ಥನೆಯ ಪಟ್ಟಿಯಲ್ಲಿ ಓದಿದರು. ಅಷ್ಟರಲ್ಲಿ ಅವಳು ಗುಣವಾಗಿ ಆಫೀಸಿಗೆ ಹೋಗತೊಡಗಿದ್ದಳು.

ಒಂದು ಭಾನುವಾರ ನಾನೂ ಅವಳ ಜೊತೆ ಹೋದೆ. ಒಂದು ಗಂಟೆ ಹಾಡು. ನನಗೆ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಕಾಲು ತಾಳ ಹಾಕುತ್ತಿತ್ತು. ಆಮೇಲೆ ಬೋಧನೆ ಶುರುವಾಯಿತು. ದೇವರು ನಿನಗೆ ವೀಸಾ ಕೊಡುತ್ತಾನೆ, ಪ್ರಮೋಶನ್ ಕೊಡುತ್ತಾನೆ, ದಶಮಾಂಶ ಮಾತ್ರ ತಪ್ಪಿಸಬೇಡ. ಅದರ ಬೆನ್ನಿಗೇ ಒಬ್ಬರು ಎದ್ದು ಸಾಕ್ಷಿ ಹೇಳಿದರು: ಪ್ರಾರ್ಥನೆಯ ನಂತರ ತಾನು ಸಕ್ಕರೆ ಕಾಯಿಲೆಯ ಮಾತ್ರೆ ಎಸೆದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು. ನನ್ನ ಕಣ್ಣಿಗೆ ಹಳತು ಹೊಸತುಗಳ ನಡುವೆ ದಾಟಬಾರದ ಗೆರೆ ಇದ್ದರೆ ಅದು ಡ್ರಮ್ಮೂ ಅಲ್ಲ, ತೊಟ್ಟಿಯೂ ಅಲ್ಲ, ಆ ಮಾತ್ರೆ. ಹೊರಗೆ ಬಂದು ಮಗಳ ಮೇಲೆ ರೇಗಿದೆ. ಅವಳು, “ಆ ಅಂಕಲ್ ಹತ್ತಿರ ನಾನು ಆಗಲೇ ಮಾತಾಡಿದೆ ಅಪ್ಪ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅಂದೆ. ಪಾಸ್ಟರಿಗೂ ಹೇಳಿದ್ದೇನೆ, ಅವರಿಗೆ ಇಷ್ಟವಾಗಲಿಲ್ಲ” ಅಂದಳು. ನಾನು ನನ್ನ ಚರ್ಚಿನಲ್ಲಿ ಯಾವತ್ತಾದರೂ ಅಯ್ಯನವರಿಗೆ ಎದುರು ಹೇಳಿದ್ದು ನನಗೆ ನೆನಪಾಗಲಿಲ್ಲ.

ಅಪ್ಪ ಇದನ್ನೆಲ್ಲ ‘ಅಮೆರಿಕದ ಗದ್ದಲ’ ಅನ್ನುತ್ತಾರೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಪೆಂಟೆಕೋಸ್ಟಲ್ ಚಳವಳಿಯ ಕಥೆಯನ್ನು ಸಾಮಾನ್ಯವಾಗಿ 1906ರ ಲಾಸ್ ಏಂಜಲೀಸಿನ ಅಜೂಸಾ ಬೀದಿಯಿಂದಲೇ ಶುರು ಮಾಡುತ್ತಾರೆ. ಆದರೆ ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಆಶ್ರಮದಲ್ಲಿ ವಿಧವೆಯರು, ಅನಾಥ ಹುಡುಗಿಯರು ಹೀಗೆಯೇ ಅಳುತ್ತ, ಗಟ್ಟಿಯಾಗಿ ಪ್ರಾರ್ಥಿಸುತ್ತ ರಾತ್ರಿ ಕಳೆದಿದ್ದರು. ಆ ಆಶ್ರಮ ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ಕಡೆಯವರು. ಕಾರ್ಕಳದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಅವರು, ತಮ್ಮನ್ನು ಅಲ್ಲಿಗೆ ಕರೆದ ಸನ್ಯಾಸಿನಿಯರ ಮಾತನ್ನೂ ಪ್ರಶ್ನೆ ಕೇಳದೆ ಒಪ್ಪಿಕೊಂಡವರಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಹೆಚ್ಚು ಗಮನ ಕೊಟ್ಟದ್ದು ಮಾಳ ಎಂಬ ಹೆಸರಿಗೆ. ಅಲ್ಲಿ ಅವರ ಒಬ್ಬ ಸ್ನೇಹಿತರಿದ್ದರು.

ಇನ್ನು ಅಪ್ಪನ ‘ಸದ್ದಿಲ್ಲದ, ಮರ್ಯಾದೆಯ ಸಭೆ’. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರು ಬಾಸೆಲ್ ಮಿಶನರಿಗಳಲ್ಲಿ ಒಬ್ಬ ಸ್ಯಾಮುಯೆಲ್ ಹೆಬಿಕ್. ಉದ್ದ ಗಡ್ಡದ ಈ ಮನುಷ್ಯ ಜಾತ್ರೆಗಳ ಮಧ್ಯೆ ನಿಂತು ಏರುದನಿಯಲ್ಲಿ ಬೋಧಿಸಿ ಕಲ್ಲೇಟು ತಿಂದವನು. ಅವನಂಥವರನ್ನು ಕಳಿಸಿದ್ದು ದಕ್ಷಿಣ ಜರ್ಮನಿಯ ಪಯಟಿಸ್ಟ್ ಭಕ್ತರ ಬಳಗ. ಆಗಿನ ಸರಕಾರಿ ಚರ್ಚು ಒಣಗಿಹೋಗಿದೆ, ಹೃದಯ ಬದಲಾಗದೆ ಬರೀ ಹೆಸರಿಗೆ ಕ್ರೈಸ್ತರಾದರೆ ಸಾಲದು ಎಂದು ಅವರು ಮನೆಮನೆಗಳಲ್ಲಿ ಕೂಡಿ ಸತ್ಯವೇದ ಓದುತ್ತಿದ್ದರು. ದೊಡ್ಡ ಚರ್ಚಿನ ಪಾದ್ರಿಗಳಲ್ಲಿ ಅನೇಕರಿಗೆ ಅವರು ತಲೆನೋವಾಗಿದ್ದರು. ಅವರ ಮಾತನ್ನು ಹಿಂದಿ-ಇಂಗ್ಲಿಷ್ ಬೆರಕೆಗೆ ತಿರುಗಿಸಿದರೆ ನನ್ನ ಮಗಳ ಮಾತಿಗೆ ತೀರ ಹತ್ತಿರ ಬರುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ: ಅವರು ಕೂಸುಗಳ ದೀಕ್ಷಾಸ್ನಾನವನ್ನು ಬಿಡಲಿಲ್ಲ. ಇದನ್ನು ಮಗಳಿಗೆ ಹೇಳಿದೆ. “ಬಿಡಬೇಕಿತ್ತು” ಅಂದಳು.

ನೀರಿನ ಜಗಳ ಇವರಿಬ್ಬರಿಗಿಂತ ಬಹಳ ಹಳೆಯದು. 1525ರಲ್ಲಿ ಜ್ಯೂರಿಚ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. ಎರಡು ವರ್ಷದಲ್ಲಿ ಅವರ ಮುಂದಾಳು ಫೆಲಿಕ್ಸ್ ಮಾನ್ಜ್‌ನನ್ನು ಅಲ್ಲಿಯ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಸುಧಾರಕರೇ, ನಮ್ಮಂಥ ಪ್ರಾಟೆಸ್ಟೆಂಟರೇ.

ನಾನು ದೆಹಲಿಯಲ್ಲಿ ಹೋಗುವ ಚರ್ಚು ಸಿಎನ್‌ಐ, ಉತ್ತರ ಭಾರತ ಸಭೆ. ಅದರ ಕೇಂದ್ರ ಕಚೇರಿ ಇದೇ ಊರಿನ ಪಂಡಿತ್ ಪಂತ್ ಮಾರ್ಗದಲ್ಲಿದೆ. ಅದು ಹುಟ್ಟಿದ್ದು 1970ರ ನವೆಂಬರ್ 29ರಂದು ನಾಗಪುರದಲ್ಲಿ, ಆರು ಸಭೆಗಳು ಒಂದಾಗಿ. ಮಾತುಕತೆ ಶುರುವಾದದ್ದು 1929ರಲ್ಲಿ. ನಲವತ್ತು ವರ್ಷ ಯಾಕೆ ಹಿಡಿಯಿತು ಎಂದರೆ, ಆ ಆರರಲ್ಲಿ ಕೂಸಿಗೆ ನೀರು ಹಾಕುವ ಆಂಗ್ಲಿಕನ್ನರೂ ಇದ್ದರು, ನಂಬಿದ ಮೇಲೆ ಮುಳುಗಿಸುವ ಬ್ಯಾಪ್ಟಿಸ್ಟರೂ ಇದ್ದರು. ಕೊನೆಗೆ ಅವರು ಎರಡನ್ನೂ ಒಪ್ಪಿದರು, ಒಂದೇ ಸಭೆಯಲ್ಲಿ ಎರಡೂ ನಡೆಯಬಹುದು ಅಂದರು. ಒಂದೇ ಮನುಷ್ಯನಿಗೆ ಎರಡೂ ಬೇಕು ಅಂದರೆ ಏನು ಮಾಡುವುದು ಎಂಬ ಪ್ರಶ್ನೆ ಆಮೇಲೂ ಉಳಿಯಿತು. ಈಗ ಅದು ನಮ್ಮ ಮನೆಯ ಊಟದ ಮೇಜಿನ ಮೇಲೆ ಇದೆ. ನನ್ನನ್ನು ಕೇಳಿದರೆ, ಮೊದಲನೆಯದು ನಡೆದದ್ದು ನಿಜ, ಅದನ್ನು ಯಾರೂ ಅಳಿಸಲಾರರು. ಮಗಳು ತೊಟ್ಟಿಗೆ ಇಳಿದದ್ದೂ ಸುಳ್ಳಲ್ಲ. ಅದನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಈಸ್ಟರ್ ದಿನ ಅಪ್ಪನಿಗೆ ಫೋನ್ ಮಾಡಿದ್ದೆ. ಮಗಳು ಪಕ್ಕದಲ್ಲೇ ಇದ್ದಳು, ಕೈ ಚಾಚಿ ಫೋನ್ ತೆಗೆದುಕೊಂಡಳು. ಅಜ್ಜಿಯ ಪ್ರಶ್ನೆಯನ್ನು ಅವರೇ ಅವಳನ್ನು ಕೇಳಿದರೆಂದು ಕಾಣುತ್ತದೆ. ಅವಳ ಮುಖ ಬಿಳುಪೇರಿತು. “ಅಜ್ಜ, ನಾನು ಹಾಗೆ ಯಾವತ್ತೂ ಹೇಳಿಲ್ಲ. ಯಾರಾದರೂ ಹಾಗೆ ಹೇಳಿದರೆ ಅಲ್ಲಿಂದ ಎದ್ದು ಬರುತ್ತೇನೆ. ನನಗೆ ಪ್ರಾರ್ಥನೆ ಕಲಿಸಿದ್ದೇ ಅಜ್ಜಿ” ಅಂದಳು. ಆಮೇಲೆ ಇಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ನಾನು ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಅವಳು ಸ್ಪೀಕರ್ ಒತ್ತಿದಳು.

“ಜನವರಿಯಲ್ಲಿ ಅಲ್ಲಿ ಚಳಿ ಜೋರಲ್ಲವಾ?” ಅಪ್ಪ ಕೇಳುತ್ತಿದ್ದರು. “ಬಿಸಿನೀರು ಹಾಕಿದ್ದರಾ?”

“ಎರಡು ಬಕೆಟ್ ಹಾಕಿದ್ದರು ಅಜ್ಜ.”

“ಅಷ್ಟು ದೊಡ್ಡ ತೊಟ್ಟಿಗೆ ಎರಡು ಬಕೆಟ್ ಎಲ್ಲಿಗೆ ಸಾಕು,” ಎಂದು ಗೊಣಗಿ, ಫೋನನ್ನು ನನ್ನ ಹೆಂಡತಿಗೆ ಕೊಡಲು ಹೇಳಿದರು. ಮಗುವಿಗೆ ಆಮೇಲೆ ಕೆಮ್ಮು ಬಂದಿತ್ತೇ ಎಂದು ಅವಳ ಹತ್ತಿರ ವಿಚಾರಿಸಬೇಕಿತ್ತಂತೆ.