ಹಾಲಿಗೆ ಬಾಗಿಲು ಮುಚ್ಚಿದೆ, ತಳಿಗೆ ಎಂದೋ ತೆರೆದಿದೆ

2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ಸಮಗ್ರ ಆರ್ಥಿಕ ಮತ್ತು ವಾಣಿಜ್ಯ ಒಪ್ಪಂದದಲ್ಲಿ ಹಾಲಿಗೆ ಜಾಗವಿಲ್ಲ. ಸ್ಕಾಚ್ ವಿಸ್ಕಿಗೂ ಮೋಟಾರು ಕಾರುಗಳಿಗೂ ಸುಂಕ ಇಳಿಸಲು ಒಪ್ಪಿದ ಭಾರತ, ಹಾಲು, ಚೀಸ್ ಮೊದಲಾದ ಹೈನು ಪದಾರ್ಥಗಳನ್ನು ರಿಯಾಯಿತಿಯ ಪಟ್ಟಿಯಿಂದ ಹೊರಗೇ ಇಟ್ಟಿತು. ಒಂದೆರಡು ಹಸುಗಳನ್ನು ನೆಚ್ಚಿ ಬದುಕುವ ಕೋಟ್ಯಂತರ ಕುಟುಂಬಗಳ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರ. ವೆಂಬ್ಲಿಯ ಈಲಿಂಗ್ ರಸ್ತೆಯಲ್ಲಿ ನಾವು ನಾಲ್ಕಾರು ಕನ್ನಡಿಗರು ಕಲೆತಾಗಲೂ ಇದೇ ಮಾತು ಬಂತು: ‘ನಂದಿನಿ ಉಳಿಯಿತು.’

ಹಾಲು ಬರಲಿಲ್ಲವೆಂಬುದು ನಿಜ. ಹಾಲು ಕರೆಯುವ ಹಸು ಬಂದು ಎಷ್ಟು ಕಾಲವಾಯಿತು ಎಂಬುದನ್ನು ಮಾತ್ರ ನಾವು ಮರೆತಂತಿದೆ. ಹಾಸನ, ಮಂಡ್ಯ, ಕೋಲಾರದ ಕೊಟ್ಟಿಗೆಗಳಲ್ಲಿ ಇಂದು ನಿಂತಿರುವ ಕಪ್ಪು ಬಿಳುಪು ರಾಸುಗಳ ಮೂಲ ಹಾಲೆಂಡಿನಿಂದ ಅಮೆರಿಕದವರೆಗೆ ಹಬ್ಬಿದ ಹೋಲ್‌ಸ್ಟೀನ್ ಫ್ರೀಷಿಯನ್. ಕಂದು ರಾಸುಗಳ ಮೂಲ ಇಂಗ್ಲಿಷ್ ಕಡಲ್ಗಾಲುವೆಯ ಪುಟ್ಟ ದ್ವೀಪ ಜೆರ್ಸಿ. ನಮ್ಮ ಹಳ್ಳಿಗಳಲ್ಲಿ ಇವೆರಡಕ್ಕೂ ಒಂದೇ ಹೆಸರು, ಸೀಮೆಹಸು. ಆ ಸೀಮೆಯಲ್ಲೇ ಈಗ ನಾನು ಬದುಕುತ್ತಿರುವುದರಿಂದ, ಇಲ್ಲಿ ಈ ಹಸುಗಳ ಗತಿ ಏನಾಗಿದೆ ಎಂದು ನೋಡುವ ಕುತೂಹಲ ನನಗೆ ಸಹಜವಾಗಿಯೇ ಹುಟ್ಟಿತು.

ವೆಂಬ್ಲಿ ಎಂದೊಡನೆ ಫುಟ್‌ಬಾಲ್ ನೆನಪಾಗುತ್ತದೆ. ಹಾಲಿನ ಚರಿತ್ರೆಯಲ್ಲೂ ಈ ಊರಿಗೆ ಒಂದು ಪಾಲಿದೆ. ಸಡ್ಬರಿಯ ಕಡೆಗಿರುವ ಬಾರಮ್ ಪಾರ್ಕ್ ಹಾಲಿನ ವ್ಯಾಪಾರಿ ಮನೆತನವೊಂದರ ತೋಟ. ಜಾರ್ಜ್ ಬಾರಮ್ ಎಂಬಾತ 1864ರಲ್ಲಿ ಕಟ್ಟಿದ ಎಕ್ಸ್‌ಪ್ರೆಸ್ ಕಂಪನಿ, ಹಳ್ಳಿಗಳ ಹಾಲನ್ನು ರೈಲಿನಲ್ಲಿ ಲಂಡನ್ನಿಗೆ ತರುವ ಕಸುಬು ಹಿಡಿಯಿತು. ಅದುವರೆಗೆ ಲಂಡನ್ನಿನ ಹಾಲು ಬಹುಮಟ್ಟಿಗೆ ನಗರದೊಳಗಿನ ಇಕ್ಕಟ್ಟಾದ ಕೊಟ್ಟಿಗೆಗಳಿಂದಲೇ ಬರುತ್ತಿತ್ತು. ಮರುವರ್ಷ, 1865ರಲ್ಲಿ, ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಆ ಕೊಟ್ಟಿಗೆಗಳನ್ನು ಬರಿದುಮಾಡಿತು. ರೈಲಿನ ಹಾಲು ಗೆದ್ದಿತು. ಅವನ ಮಗ ಟೈಟಸ್ ಬಾರಮ್ 1937ರಲ್ಲಿ ತೀರಿಕೊಂಡಾಗ ಮನೆ, ತೋಟ ವೆಂಬ್ಲಿಯ ಜನರ ಪಾಲಾಯಿತು. ಒಂದು ರೋಗ ಒಂದು ಉದ್ಯಮದ ದಿಕ್ಕನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಕ್ಕಿಲ್ಲ. (1924ರಲ್ಲಿ ಇಲ್ಲಿ ನಡೆದ ಸಾಮ್ರಾಜ್ಯ ಪ್ರದರ್ಶನದಲ್ಲಿ ಕೆನಡಾದವರು ರಾಜಕುಮಾರನ ಆಳೆತ್ತರದ ಪ್ರತಿಮೆಯನ್ನು ಬೆಣ್ಣೆಯಲ್ಲೇ ಕಡೆದು ನಿಲ್ಲಿಸಿದ್ದರಂತೆ. ಬೆಣ್ಣೆಕೃಷ್ಣನ ನಾಡಿನವರು ಆಗ ನೋಡಿ ಏನೆಂದುಕೊಂಡರೋ!)

ಈ ದೇಶದ ಹಸು ಅರ್ಧ ಶತಮಾನದ ಹಿಂದೆ ವರ್ಷಕ್ಕೆ ಸುಮಾರು 4,000 ಲೀಟರ್ ಹಾಲು ಕೊಡುತ್ತಿತ್ತು. ಇಂದು ಸರಾಸರಿ 8,000 ಲೀಟರ್. ಹಸುಗಳ ಸಂಖ್ಯೆ ಇಳಿದಿದೆ. ಹಾಲು ಉತ್ಪಾದಕರಂತೂ 1990ರ ದಶಕದ ನಡುವೆ ಇದ್ದವರಲ್ಲಿ ಮೂರನೆಯ ಒಂದು ಭಾಗದಷ್ಟೂ ಉಳಿದಿಲ್ಲ. ಮೇವು, ಯಂತ್ರ, ಚಿಕಿತ್ಸೆ ಎಲ್ಲಕ್ಕೂ ಇದರಲ್ಲಿ ಪಾಲಿದೆಯಾದರೂ ದೊಡ್ಡ ಪಾಲು ಹೋರಿಯ ಆಯ್ಕೆಯದು. ಹೆಪ್ಪುಗಟ್ಟಿಸಿದ ವೀರ್ಯದ ಒಂದು ಕಡ್ಡಿಯಲ್ಲಿ ಖಂಡಾಂತರ ಸಾಗಬಲ್ಲ ಹೋರಿಗೆ ಸಾವಿರಾರು ಮಕ್ಕಳು. ಅದರ ಗುಣವೂ ದೋಷವೂ ಅಷ್ಟೇ ವೇಗದಲ್ಲಿ ಹರಡುತ್ತವೆ.

ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಅಮೆರಿಕದ ಹೋರಿಯ ಕತೆಯನ್ನು ಪ್ರತಿಯೊಬ್ಬ ಹೈನುಗಾರನೂ ತಿಳಿದಿರಬೇಕು. 1962ರಲ್ಲಿ ಹುಟ್ಟಿದ ಈ ಹೋರಿಗೆ ಹದಿನಾರು ಸಾವಿರ ಹೆಣ್ಣು ಸಂತಾನ, ಇಪ್ಪತ್ತು ಲಕ್ಷಕ್ಕೂ ಮೀರಿದ ಮರಿಮೊಮ್ಮಕ್ಕಳು. ಹೋಲ್‌ಸ್ಟೀನ್ ತಳಿಯ ವಂಶವಾಹಿಯಲ್ಲಿ ನೂರಕ್ಕೆ ಹದಿನಾಲ್ಕು ಪಾಲು ಇದೊಂದರಿಂದ ಬಂದದ್ದು ಎಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಹಾಲು ಹೆಚ್ಚಿತು. ಹೋರಿಯ ದೇಹದಲ್ಲಿ ಒಂದು ವಂಶವಾಹಿ ದೋಷವೂ ಅಡಗಿತ್ತು; ತಂದೆ, ತಾಯಿ ಎರಡೂ ಕಡೆಯಿಂದ ಅದು ಕೂಡಿದರೆ ಕರು ಗರ್ಭದಲ್ಲೇ ಸಾಯುತ್ತಿತ್ತು. ಮೂರೂವರೆ ದಶಕಗಳಲ್ಲಿ ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಗರ್ಭಪಾತ, ನಲವತ್ತೆರಡು ಕೋಟಿ ಡಾಲರ್ ನಷ್ಟ. ದೋಷದ ಮೂಲ ಯಾವ ಜೀನಿನಲ್ಲಿದೆ ಎಂಬುದು ಖಚಿತವಾಗಿ ಪ್ರಕಟವಾದದ್ದು 2016ರಲ್ಲಿ. ಹೆಚ್ಚಿದ ಹಾಲಿನ ಮೌಲ್ಯ ಈ ನಷ್ಟದ ಹತ್ತಾರು ಪಟ್ಟು ಇದ್ದುದರಿಂದ ಉದ್ಯಮದ ಲೆಕ್ಕದಲ್ಲಿ ಚೀಫ್ ಇಂದಿಗೂ ಲಾಭದ ಹೋರಿಯೇ. ಆದರೆ ಆ ಲಾಭ ಒಬ್ಬನಿಗೆ, ಕರು ಕಳೆದುಕೊಂಡ ನಷ್ಟ ಇನ್ನೊಬ್ಬನಿಗೆ ಆಗಿರಬಹುದು ಎಂಬುದು ಒಟ್ಟು ಲೆಕ್ಕದಲ್ಲಿ ಕಾಣುವುದಿಲ್ಲ.

ಪಾಶ್ಚಾತ್ಯರು ಇದರಿಂದ ಪಾಠ ಕಲಿಯಲಿಲ್ಲವೆಂದಲ್ಲ. ಬರಿಯ ಹಾಲಿನ ಬೆನ್ನು ಹತ್ತಿದ್ದರಿಂದ ಹಸು ಗಬ್ಬ ನಿಲ್ಲುವುದು ತಡವಾಯಿತು, ಕೆಚ್ಚಲು ಬಾವು ಹೆಚ್ಚಿತು, ಕಾಲು ಕುಂಟಿತು. ನಾರ್ವೆಯಂಥ ದೇಶಗಳು 1970ರ ದಶಕದಲ್ಲೇ ಆರೋಗ್ಯವನ್ನೂ ಫಲವಂತಿಕೆಯನ್ನೂ ಹೋರಿಯ ಅಂಕಪಟ್ಟಿಗೆ ಸೇರಿಸಿದವು. ಬ್ರಿಟನ್ ಬಹಳ ತಡವಾಗಿ ಆ ಹಾದಿ ಹಿಡಿಯಿತು. 2016ರಲ್ಲಿ ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯ (ಡಾಲಿ ಎಂಬ ತದ್ರೂಪಿ ಕುರಿ ಹುಟ್ಟಿದ್ದು ಅಲ್ಲೇ) ಸಂಶೋಧನೆಯನ್ನು ಆಧರಿಸಿ, ಕ್ಷಯರೋಗವನ್ನು ತಡೆದುಕೊಳ್ಳುವ ಶಕ್ತಿಗೂ ಹೋರಿಗಳಿಗೆ ಅಂಕ ನೀಡುವ ಪದ್ಧತಿ ಇಲ್ಲಿ ಆರಂಭವಾಯಿತು.

ದನಗಳ ಕ್ಷಯ ಈ ದೇಶದ ವಾಸಿಯಾಗದ ಹುಣ್ಣು. ಇಂಗ್ಲೆಂಡ್, ವೇಲ್ಸ್ ಎರಡರಲ್ಲೂ ಸೇರಿ ವರ್ಷಕ್ಕೆ 30,000ಕ್ಕೂ ಹೆಚ್ಚು ರಾಸುಗಳನ್ನು ಇದೇ ಕಾರಣಕ್ಕೆ ಕೊಲ್ಲಲಾಗುತ್ತದೆ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಐದರಲ್ಲಿ ಒಂದು ರೋಗಿಯನ್ನು ಗುರುತಿಸದೆ ಬಿಡುತ್ತದೆ. ಲಸಿಕೆ ಹಾಕಿದರೆ ಆರೋಗ್ಯದ ರಾಸೂ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದರಿಂದ ಬೇರೆ ಪರೀಕ್ಷೆ ಬೇಕು. ಇಲ್ಲಿನ ಹಿಂದೂಗಳಿಗೆ 2007ರ ಶಂಭೋ ಪ್ರಕರಣ ಇನ್ನೂ ನೆನಪಿದೆ. ವೇಲ್ಸ್‌ನ ಸ್ಕಂದವೇಲ್ ಆಶ್ರಮದ ಆ ಹೋರಿಗೆ ಪರೀಕ್ಷೆಯಲ್ಲಿ ಕ್ಷಯದ ಸುಳಿವು ಕಂಡಿತು. ಉಚ್ಚ ನ್ಯಾಯಾಲಯ ಕೊಲ್ಲುವ ಆದೇಶವನ್ನು ರದ್ದುಮಾಡಿತು. ಒಂದೇ ವಾರದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಜುಲೈ 26ರಂದು ಭಕ್ತರ ಪ್ರಾರ್ಥನೆಯ ನಡುವಿನಿಂದಲೇ ಹೋರಿಯನ್ನು ಒಯ್ದರು. ಒಂದು ಪ್ರಾಣಿಯ ಜೀವ ದೊಡ್ಡದೋ ಮಂದೆಯ ಆರೋಗ್ಯ ದೊಡ್ಡದೋ ಎಂಬ ಪ್ರಶ್ನೆಗೆ ಬ್ರಿಟನ್ ಕೊಡುವ ಉತ್ತರ ಸ್ಪಷ್ಟ, ಕ್ರೂರ. ನಮ್ಮ ದೇಶ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ರೋಗಿ ರಾಸು ಸಂತೆಯಿಂದ ಸಂತೆಗೆ ಕೈಬದಲಾಗುತ್ತದೆ. ನಮ್ಮನ್ನು ಕಾಪಾಡಿರುವುದು ಹಾಲನ್ನು ಉಕ್ಕುವಂತೆ ಕಾಯಿಸುವ ಅಮ್ಮಂದಿರ ಅಭ್ಯಾಸ.

ಕರ್ನಾಟಕಕ್ಕೆ ಸೀಮೆಹಸು ಬಂದ ದಾರಿ ಚಿಕ್ಕದಲ್ಲ. ಬ್ರಿಟಿಷರ ಸೈನ್ಯದ ಡೇರಿಗಳಲ್ಲಿ ಮೊದಲ ಮಿಶ್ರ ತಳಿಗಳು ಹುಟ್ಟಿದವು. 1923ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಹೈನು ಸಂಸ್ಥೆಗೆ 1927ರಲ್ಲಿ ಗಾಂಧೀಜಿಯವರೇ ಬಂದು ಕೆಲವು ದಿನ ಪಾಠ ಹೇಳಿಸಿಕೊಂಡರು. ಬಳಿಕ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ, 1974ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ಹಾಲಿನ ಸಹಕಾರ ಸಂಘಗಳು. ಇಂದು ಕೆಎಂಎಫ್ ಸಂಗ್ರಹ ಸುಗ್ಗಿಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ದಾಟುತ್ತದೆ. ಹಳ್ಳಿಕಾರ್ ಹಸುವಿನ ಎರಡು ಮೂರು ಲೀಟರ್ ಹಾಲಿನಿಂದ ಇದು ಸಾಧ್ಯವಿರಲಿಲ್ಲ. ನಾಟಿ ಹಸುವನ್ನು ಹೊಗಳುವ ಭರದಲ್ಲಿ ಸೀಮೆಹಸುವನ್ನು ಹೀಗಳೆಯುವವರು, ಎಷ್ಟು ಮಕ್ಕಳ ಶಾಲೆಯ ಫೀಜು ಆ ಹಸುವಿನ ಕೆಚ್ಚಲಿನಿಂದ ಬಂದಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಥ ಮಕ್ಕಳಲ್ಲಿ ನಾನೂ ಒಬ್ಬ.

ಕಳೆದ ತಿಂಗಳು ಊರಿನಿಂದ ಅಣ್ಣ ಫೋನು ಮಾಡಿದ್ದರು. “ಮೂರು ಸಲ ಸೂಜಿ ಹಾಕಿಸಿದೆ ಕಣಪ್ಪಾ, ಗಬ್ಬ ನಿಲ್ತಿಲ್ಲ. ನಿಮ್ಮ ಸೀಮೆ ಹೋರಿದು ಸಿಗುತ್ತಾ ವಿಚಾರಿಸು” ಎಂದರು. “ಈಗ ಹಾಕಿಸಿರುವುದು ಯಾವ ಹೋರಿಯದು ಅಣ್ಣಾ?” ಎಂದೆ. “ಯಾರಿಗೊತ್ತು, ಎಚ್‌ಎಫ್ ಅಂದ್ರು.” ಆ ಹಸುವಿನ ತಾಯಿ ಯಾವ ಹೋರಿಗೆ ಹುಟ್ಟಿದ್ದು ಎಂಬುದೂ ಗೊತ್ತಿಲ್ಲ. ಇಲ್ಲಿ ಕರು ಹುಟ್ಟಿದೊಡನೆ ಎರಡೂ ಕಿವಿಗೆ ಓಲೆ, ಅದಕ್ಕೊಂದು ಪಾಸ್‌ಪೋರ್ಟು. ತಂದೆಯ ಹೆಸರು, ತಾಯಿಯ ಹಾಲು, ಬಂದ ರೋಗ ಎಲ್ಲಕ್ಕೂ ದಾಖಲೆ ಇಡುವುದು ಹೈನುಗಾರರ ರೂಢಿ. ನಮ್ಮಲ್ಲೂ ಹನ್ನೆರಡು ಅಂಕಿಯ ಕಿವಿಯೋಲೆ ಬಂದಿದೆ. ವಂಶಾವಳಿಯ ಪುಟ ಮಾತ್ರ ಬಹಳ ಕಡೆ ಖಾಲಿ. ಹಾಗಾಗಿ ಪರಕೀಯ ರಕ್ತವನ್ನು ಅರ್ಧದ ಆಸುಪಾಸಿನಲ್ಲಿ ನಿಲ್ಲಿಸಬೇಕೆಂಬ ನೀತಿ ಕಾಗದದಲ್ಲಿದ್ದರೂ, ಎಚ್‌ಎಫ್ ಮೇಲೆ ಎಚ್‌ಎಫ್ ಹಾಕಿಸಿ ಅದು ಮುಕ್ಕಾಲನ್ನೂ ಮೀರುತ್ತದೆ. ಯುರೋಪಿನ ಚಳಿಗೆ ಹೇಳಿಮಾಡಿಸಿದ ಮೈ ನಮ್ಮ ಏಪ್ರಿಲ್‌ ಬಿಸಿಲಿನಲ್ಲಿ ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಬೆದೆ ತಪ್ಪಿಸುತ್ತದೆ. ಕಾಲುಬಾಯಿ ಜ್ವರ ಬಂದಾಗಲೂ ಹೆಚ್ಚು ನರಳುವುದು ಇವೇ. ಅಣ್ಣನಿಗೆ ಬೇಕಾದದ್ದು ಲಂಡನ್ನಿನ ಹೋರಿಯಲ್ಲ, ತಿಪಟೂರಿನ ಬಿಸಿಲಿನಲ್ಲಿ ಮಗಳು ಹೇಗಿದ್ದಾಳೆಂದು ಬರೆದಿಟ್ಟ ಹೋರಿ.

ಇನ್ನು ವೆಂಬ್ಲಿಯ ಅಂಗಡಿಗಳಲ್ಲಿ ‘ಎ2 ದೇಸಿ ತುಪ್ಪ’ದ ಮಾತು. ಹಾಲಿನ ಬೀಟಾ ಕೇಸೀನ್ ಎಂಬ ಪ್ರೋಟೀನಿನ 67ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಎ1, ಬದಲಾಗದಿದ್ದರೆ ಎ2, ವ್ಯತ್ಯಾಸ ಇಷ್ಟೇ. 2009ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎ1 ಹಾಲಿನಿಂದ ಕಾಯಿಲೆ ಬರುತ್ತದೆಂಬುದಕ್ಕೆ ಆಧಾರ ಸಾಲದು ಎಂದಿತು. ಭಾರತದ ಆಹಾರ ಪ್ರಾಧಿಕಾರ 2024ರ ಆಗಸ್ಟ್ 21ರಂದು ಆ ಚೀಟಿಯನ್ನು ತೆಗೆಯಿರಿ ಎಂದು ಆದೇಶಿಸಿ, ಐದೇ ದಿನದಲ್ಲಿ ಆದೇಶವನ್ನೇ ಹಿಂತೆಗೆದುಕೊಂಡಿತು. ತುಪ್ಪವೆಂದರೆ ಬಹುಪಾಲು ಕೊಬ್ಬು. ಅದರಲ್ಲಿ ಪ್ರೋಟೀನೇ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲದ ಪ್ರೋಟೀನಿನ ಹೆಸರಿಗೆ ಎರಡರಷ್ಟು ಬೆಲೆ ತೆರುವುದು ಯಾವ ಜಾಣತನವೋ ತಿಳಿಯದು.

ಇದಕ್ಕಿಂತ ಕಠಿಣವಾದದ್ದು ಗಂಡುಕರುವಿನ ಪ್ರಶ್ನೆ. ಹಾಲಿನ ತಳಿಯ ಗಂಡುಕರುವನ್ನು ಇಲ್ಲಿ ಹಿಂದೆ ಹುಟ್ಟಿದ ದಿನವೇ ಗುಂಡಿಟ್ಟು ಕೊಲ್ಲುವುದಿತ್ತು. ಅದು ಸುದ್ದಿಯಾಗಿ ಗ್ರಾಹಕರು ಮುಖ ಸಿಂಡರಿಸಿದ ಮೇಲೆ ಲಿಂಗ ವಿಂಗಡಿಸಿದ ವೀರ್ಯಕ್ಕೆ ಬೇಡಿಕೆ ಬಂತು. ಹತ್ತರಲ್ಲಿ ಒಂಬತ್ತು ಕರು ಹೆಣ್ಣು. ಬ್ರಿಟನ್ನಿನ ಹಾಲಿನ ಮಂದೆಗಳಿಗೆ ಮಾರಾಟವಾಗುವ ಹಾಲು ತಳಿಯ ವೀರ್ಯದಲ್ಲಿ ಇಂದು ಮುಕ್ಕಾಲು ಪಾಲಿಗೂ ಹೆಚ್ಚು ಈ ಬಗೆಯದು. ಭಾರತದಲ್ಲಿಯೂ 2024ರ ಅಕ್ಟೋಬರಿನಲ್ಲಿ ದೇಶೀಯ ತಂತ್ರಜ್ಞಾನವಾದ ‘ಗೌಸಾರ್ಟ್’ ಬಿಡುಗಡೆಯಾಗಿದೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಕರ್ನಾಟಕಕ್ಕೆ ಇದು ಇನ್ನೂ ಅಗತ್ಯ, ಏಕೆಂದರೆ ಕಾನೂನು ಗಂಡುಕರುವಿನ ಪ್ರಾಣವನ್ನು ಕಾಯುವ ಹೊಣೆ ಹೊತ್ತಿತೇ ಹೊರತು ಅದರ ಮೇವಿನ ಖರ್ಚನ್ನಲ್ಲ. ಉಳುಮೆಗೆ ಟ್ರ್ಯಾಕ್ಟರು ಬಂದ ಊರಿನಲ್ಲಿ ಎಚ್‌ಎಫ್ ಗಂಡುಕರು ಹಾಲು ಕುಡಿಯಲು ಸಿಗದೆ ಹೇಗೆ ಸಾಯುತ್ತದೆಂಬುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಅದನ್ನು ಹತ್ಯೆ ಎಂದು ಯಾರೂ ಕರೆಯುವುದಿಲ್ಲ.

ಈಚೆಗೆ ನಮ್ಮ ನಡುವೆ ಇನ್ನೊಂದು ಉಮೇದು ಹುಟ್ಟಿದೆ: ಊರಿನಲ್ಲಿ ದೇಸಿ ಗೋಶಾಲೆಗೆ ಹಣ ಹೂಡುವುದು. ಸದುದ್ದೇಶವೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಹೆಸರು ಪಡೆದ ಅಮೃತಮಹಲ್ ತಳಿ ಇಂದು ಅಜ್ಜಂಪುರದ ಸುತ್ತ ಉಸಿರು ಹಿಡಿದಿದೆ. ಅದರ ಕಾವಲುಗಳಲ್ಲಿ ಚಳ್ಳಕೆರೆಯಂಥ ಕಡೆ ವಿಜ್ಞಾನ, ರಕ್ಷಣಾ ಸಂಸ್ಥೆಗಳು ಎದ್ದಿವೆ. ಹಣ ಕಳಿಸುವ ಮುನ್ನ ಗೋಶಾಲೆಯವರಿಗೆ ನಾಲ್ಕು ಮಾತು ಕೇಳಬಹುದು: ಕಳೆದ ವರ್ಷ ಎಷ್ಟು ಕರು ಹುಟ್ಟಿದವು? ಗಂಡು ಎಲ್ಲಿವೆ? ಹೋರಿ ಯಾವ ಮಂದೆಯದು, ತನ್ನ ಮಗಳ ಮೇಲೇ ಅದನ್ನು ಬಿಡುತ್ತಿಲ್ಲವಷ್ಟೆ? ಕ್ಷಯಕ್ಕೂ ಕಂದುರೋಗಕ್ಕೂ ಕೊನೆಯ ಪರೀಕ್ಷೆ ಯಾವಾಗ ಆಯಿತು? ನಾನು ಈವರೆಗೆ ಮೂರು ಕಡೆ ಕೇಳಿದ್ದೇನೆ. ಎರಡು ಕಡೆಯಿಂದ ತುಪ್ಪದ ದರಪಟ್ಟಿ ಬಂತು. ಒಂದು ಕಡೆಯಿಂದ ಮಾತ್ರ, ಹಳೆಯ ರೂಲ್ಡು ಪುಸ್ತಕವೊಂದರ ಹದಿನೆಂಟು ಪುಟಗಳ ಫೋಟೋ.