ಜಮೀನು ಮಾರಿದ ಹಣಕ್ಕೂ ಅಕ್ಕಡಿ ಸಾಲು ಬೇಕು

ದೊಡ್ಡನೆಕ್ಕುಂದಿಯ ಸೀಮೆಯಲ್ಲಿ ಹಿಂದೆ ಖುಷ್ಕಿ ಸಾಗುವಳಿ ಮಾಡುತ್ತಿದ್ದ ರೈತನು ಹೊಲದ ತುಂಬ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲುಗಳನ್ನು ಹಾಕುತ್ತಿದ್ದನು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಮಾಗಿಯ ಮಂಜಿಗೆ ಅವರೆಯಾದರೂ ಕೈಗೆ ಹತ್ತುವುದೆಂಬುದು ಅವನ ಎಣಿಕೆ. ಒಳ್ಳೆಯ ವರ್ಷದಲ್ಲಿ ಮಿಕ್ಕ ರಾಗಿಯನ್ನು ಹಗೇವಿಗೆ ತುಂಬಿ ಬರಗಾಲಕ್ಕೆಂದು ಇರಿಸುತ್ತಿದ್ದನು. ಬಿತ್ತನೆಯ ರಾಗಿಯನ್ನಂತೂ ಒಲೆ ಹತ್ತದ ದಿನದಲ್ಲಿಯೂ ಮುಟ್ಟುತ್ತಿರಲಿಲ್ಲ.

ಇಂತಹ ಎಚ್ಚರಿಕೆಯ ಮನೆತನಗಳೇ, ಜಮೀನಿಗೆ ಪ್ರತಿಯಾಗಿ ಹಣ ಬಂದ ಕೂಡಲೆ, ಒಂದೇ ಬೆಳೆಯನ್ನು ನೆಚ್ಚಿದುದು ಶೋಚನೀಯವಾದುದು. ಕೈಗಾರಿಕಾ ಪ್ರದೇಶವೂ ಹೊರವರ್ತುಲ ರಸ್ತೆಯೂ ಗಣಕಯಂತ್ರದ ಕಂಪನಿಗಳೂ ಬಂದ ಮೇಲೆ ಆ ಗ್ರಾಮವು 2007ರಲ್ಲಿ ಬೆಂಗಳೂರು ಪಾಲಿಕೆಯ ಮೇರೆಯೊಳಗೆ ಸೇರಿತು. ಹೊಲದ ಕ್ರಯವನ್ನೆಲ್ಲ ಅನೇಕರು ಬಾಡಿಗೆ ಕಟ್ಟಡಗಳಲ್ಲಿ ಹೂಡಿದರು. ಅದು ಸಾಲದೆ ಕೆಲವರು ಸಾಲವನ್ನೂ ತೆಗೆದರು. 2020ರಲ್ಲಿ ಕೋವಿಡ್ ಜಾಡ್ಯವು ಹರಡಿ ಉದ್ಯೋಗಸ್ಥರು ತಮ್ಮ ತಮ್ಮ ಊರುಗಳಿಂದಲೇ ಕೆಲಸ ಮಾಡತೊಡಗಲು, ಆ ಸೀಮೆಯ ವಸತಿಗೃಹಗಳು ಬರಿದಾದವು. ಸಾಲದ ಕಂತಿಗೆ ಕೆಲವು ತಿಂಗಳ ವಾಯಿದೆ ದೊರೆತರೂ ಬಡ್ಡಿಯು ಬೆಳೆಯುತ್ತಲೇ ಇದ್ದಿತು. ಕಟ್ಟಡ ಕಟ್ಟಿದುದು ತಪ್ಪಲ್ಲ. ಮನೆಯ ವರಮಾನವೆಲ್ಲ ಒಂದೇ ರಸ್ತೆಯ ಒಂದೇ ಕಸುಬಿನವರ ಬಾಡಿಗೆಯನ್ನು ಅವಲಂಬಿಸಿದುದು ತಪ್ಪು.

ಅಧಿಕ ಲಾಭದ ಆಸೆಯು ಇದಕ್ಕಿಂತಲೂ ಕೇಡು. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯು ಕುಸಿದಾಗ ಸಹಸ್ರಾರು ಕುಟುಂಬಗಳ ಅಸಲಿಗೇ ಸಂಚಕಾರ ಬಂದಿತು. ತಿಂಗಳಿಗೆ ನೂರಕ್ಕೆ 3 ರೂಪಾಯಿ ಎಂದು ಯಾವನಾದರೂ ಹೇಳಿದರೆ, ಲಾಭವನ್ನು ಮತ್ತೆ ಹೂಡುತ್ತ ಹೋದಲ್ಲಿ 1 ಲಕ್ಷವು 2 ವರ್ಷಗಳಲ್ಲಿ ಇಮ್ಮಡಿಯಾಗಿ, 10 ವರ್ಷಗಳಲ್ಲಿ 34 ಲಕ್ಷವನ್ನು ದಾಟಬೇಕಾಗುವುದು. ಯಾವ ತರಿ ಗದ್ದೆ, ಯಾವ ಹಿಪ್ಪುನೇರಳೆ ತೋಟ ಹೀಗೆ ಫಲ ಕೊಟ್ಟುದುಂಟೆಂದು ಜಮೀನುದಾರರು ತಾವೇ ವಿಚಾರಿಸತಕ್ಕದ್ದು.

ಬ್ಯಾಂಕುಗಳ ವಿಷಯದಲ್ಲಿಯೂ ವಿವೇಚನೆ ಅಗತ್ಯ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ, ಠೇವಣಿದಾರರು ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅದೇ ವರ್ಷ ಫೆಬ್ರವರಿ 4ರಿಂದ ಠೇವಣಿ ವಿಮೆಯು 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಈ ಮಿತಿಯು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ, ಅಸಲು ಬಡ್ಡಿ ಸೇರಿ. ಶಾಖೆಗಳು ಬೇರೆಯಾದರೂ ಲೆಕ್ಕ ಒಂದೇ. ಬ್ಯಾಂಕಿನ ಪರವಾನಗಿಯಿಲ್ಲದ ಪತ್ತಿನ ಸಂಘಗಳಿಗೆ ಈ ವಿಮೆಯೇ ಇಲ್ಲ. ಸಂಘದ ಅಧ್ಯಕ್ಷರು ಬಂಧುಗಳೆಂಬ ಧೈರ್ಯವು ವಿಮೆಯಾಗಲಾರದು.

ಹಾಗೆಂದು ಹಣವನ್ನೆಲ್ಲ ಪೆಟ್ಟಿಗೆಯಲ್ಲಿಡುವುದೂ ನಷ್ಟವೇ. ಧಾರಣೆಯು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಗಳಲ್ಲಿ ರೂಪಾಯಿಯ ಬೆಲೆ ಅರ್ಧಕ್ಕಿಳಿಯುವುದು. ಆದುದರಿಂದ ಒಂದು ವರ್ಷದ ಮನೆವೆಚ್ಚವನ್ನು ಹಗೇವಿನ ರಾಗಿಯಂತೆ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಟ್ಟು, ಐದಾರು ವರ್ಷಗಳೊಳಗೆ ವಿವಾಹಕ್ಕೋ ವಿದ್ಯಾಭ್ಯಾಸಕ್ಕೋ ಬೇಕಾದುದನ್ನು ಅಂಚೆಕಛೇರಿಯ ಮತ್ತು ಬ್ಯಾಂಕಿನ ಠೇವಣಿಗಳಲ್ಲಿ ಹಂಚಿ, ಮಿಕ್ಕುದರಲ್ಲಿ ಮಾತ್ರ ಒಂದು ಪಾಲನ್ನು ಷೇರುಗಳಿಗೆ ಹಾಕುವುದು ಯುಕ್ತ. 2008ರ ಜನವರಿಯಲ್ಲಿ 21,000ದ ಸಮೀಪವಿದ್ದ ಮುಂಬಯಿಯ ಷೇರು ಸೂಚ್ಯಂಕವು 2009ರ ಮಾರ್ಚಿಯಲ್ಲಿ 9,000ಕ್ಕೂ ಕೆಳಗಿದ್ದಿತು. ಕಾಯಬಲ್ಲವರಿಗೆ ಮುಂದೆ ಏರಿತು, ಆ ವರ್ಷವೇ ಮಗಳ ಮದುವೆಯಿದ್ದವರಿಗೆ ಕಾಯಲು ಅವಕಾಶವೆಲ್ಲಿ?

ಆನೇಕಲ್, ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳಲ್ಲಿ ಜಮೀನು ಮಾರುವವರಿಗೆ ಗ್ರಾಮದ ಮುಖಂಡರು ಒಂದು ಸಲಹೆಯನ್ನು ಕೊಡಬಹುದು. ಕ್ರಯದ ಹಣವನ್ನು ಆರು ತಿಂಗಳ ಮಟ್ಟಿಗೆ ಎರಡು ಮೂರು ಬ್ಯಾಂಕುಗಳಲ್ಲಿ ಅಲ್ಪಾವಧಿ ಠೇವಣಿಯಾಗಿಟ್ಟು, ಅಷ್ಟರಲ್ಲಿ ಮನೆಯ ಹೆಂಗಸರನ್ನೂ ಕೂಡಿಸಿಕೊಂಡು ಮುಂದಿನ ಹತ್ತು ವರ್ಷಗಳ ಖರ್ಚನ್ನು ಕಾಗದದ ಮೇಲೆ ಬರೆದಿಡಲಿ. ಆರು ತಿಂಗಳು ಕಾಯಲೊಲ್ಲದ ದಲ್ಲಾಳಿಯನ್ನು ಬಾಗಿಲಿಂದಲೇ ಕಳುಹಿಸಿಬಿಡಬಹುದು.