ಹಳೇ ಕಂಪ್ಯೂಟರು, ಫೋನಿನ ತಂತಿ, ಹನ್ನೊಂದು ವರ್ಷದ ಮಳೆ ಲೆಕ್ಕ

ಕೊನೆ ಕೊಯ್ಲು ಅರ್ಧ ಆಗಿದೆ, ಆಳು ಸಿಗದೆ ಎರಡು ದಿನದಿಂದ ಕೆಲಸ ನಿಂತಿದೆ. ಬಿಡುವಾಯ್ತಲ್ಲ ಅಂತ ಬರೆಯೋಕೆ ಕೂತೆ. ಇವತ್ತು ಅಡಿಕೆ ವಿಷಯ ಅಲ್ಲ, ಆದರೆ ಕೊನೆಗೆ ಅಲ್ಲಿಗೇ ಬರ್ತೀನಿ.

ದೀಪಾವಳಿಗೆ ಬಂದ ಅಣ್ಣನ ಮಗ ಅಟ್ಟ ಗುಡಿಸುವಾಗ ನನ್ನ ಹಳೇ ಕಂಪ್ಯೂಟರ್ ಕಂಡು "ಚಿಕ್ಕಪ್ಪ, ಇದನ್ನ ಗುಜರಿಗೆ ಹಾಕೋಣ" ಅಂದ. ನಾನು ತಡೆ ಅಂದೆ. 2003ರಲ್ಲಿ ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು ಅದು. ವಿಂಡೋಸ್ 98, 32 ಎಂಬಿ ರ‍್ಯಾಮ್. ಪಕ್ಕದಲ್ಲಿ ಕೈಯಗಲದ ಒಂದು ಮೋಡೆಮ್ ಪೆಟ್ಟಿಗೆ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದೆ, ಮನೆಯಲ್ಲಿ ಬೈಸಿಕೊಂಡಿದ್ದೆ.

ಈಗಿನ ಹುಡುಗರಿಗೆ ಗೊತ್ತಿರಲ್ಲ ಅಂತ ಹೇಳ್ತೀನಿ. ಆಗ ನೆಟ್ ಬರ್ತಿದ್ದಿದ್ದು ಮನೆ ಫೋನಿನ ತಂತಿಯಲ್ಲೇ. ಗೋಡೆಯ ಫೋನ್ ತಂತಿ ತಂದು ಮೋಡೆಮ್ಮಿನ 'ಲೈನ್' ತೂತಿಗೆ ಹಾಕಬೇಕು, ಫೋನನ್ನ ಪಕ್ಕದ 'ಫೋನ್' ತೂತಿಗೆ. ಮೋಡೆಮ್ಮಿನಿಂದ ಕಂಪ್ಯೂಟರಿನ ಹಿಂದಿರೋ ಕಾಮ್ ಪೋರ್ಟಿಗೆ ಇನ್ನೊಂದು ಕೇಬಲ್. ಆಮೇಲೆ ನಂಬರ್ ಹಾಕಿ ಡಯಲ್ ಮಾಡಿದರೆ ಕಿರ್ರ್ ಕೊಯ್ಯ್ ಅಂತ ಸದ್ದು. ಆ ಸದ್ದೇ ಮಾತುಕತೆ. ಫೋನ್ ತಂತಿ ಮನುಷ್ಯರ ಮಾತಿಗೆ ಮಾಡಿದ್ದು, ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಸದ್ದು ಮಾತ್ರ ಹೋಗುತ್ತೆ. ಕಂಪ್ಯೂಟರಿನ ಅಂಕಿಗಳನ್ನ ಆ ಸದ್ದಿನೊಳಗೆ ತೂರಿಸೋದು ಮೋಡೆಮ್ಮಿನ ಕೆಲಸ. ಪೆಟ್ಟಿಗೆ ಮೇಲೆ 56ಕೆ ಅಂತ ಬರೆದಿತ್ತು. ನಮ್ಮ ಲೈನಿನಲ್ಲಿ ಯಾವತ್ತೂ 31,200 ದಾಟಲಿಲ್ಲ.

ಮೊದಲ ಮೂರು ದಿನ 'ಡಯಲ್ ಟೋನ್ ಇಲ್ಲ' ಅಂತಲೇ ಬರ್ತಿತ್ತು. ಫೋನ್ ಎತ್ತಿದರೆ ಟೋನ್ ಚೆನ್ನಾಗೇ ಕೇಳ್ತಿತ್ತು! ನಮ್ಮ ಎಕ್ಸ್‌ಚೇಂಜಿನ ಟೋನ್ ಮೋಡೆಮ್ಮಿಗೆ ಗುರುತು ಸಿಗ್ತಿರಲಿಲ್ಲ. ಕೊನೆಗೆ ಅಂಗಡಿಯವರು ಹೇಳಿದ ಹಾಗೆ ಮೋಡೆಮ್ ಸೆಟ್ಟಿಂಗಿನಲ್ಲಿ 'ಎಕ್ಸ್3' ಅಂತ ಸೇರಿಸಿದೆ. ಅಂದರೆ ಟೋನಿಗೆ ಕಾಯಬೇಡ, ಸುಮ್ಮನೆ ಡಯಲ್ ಮಾಡು ಅಂತ. ಹೋಯ್ತು ನೋಡಿ. ಅವತ್ತು ರಾತ್ರಿ ಒಂದು ಪುಟ ಬಿಚ್ಚಿಕೊಳ್ಳೋದನ್ನ ಮನೆಯವರೆಲ್ಲ ನಿಂತು ನೋಡಿದ್ವಿ.

ಆ ಎಕ್ಸ್‌ಚೇಂಜ್ ಬಗ್ಗೆಯೂ ಒಂದು ಮಾತು. 1984ರಲ್ಲಿ ಸಿ-ಡಾಟ್ ಅಂತ ಸರಕಾರಿ ಸಂಸ್ಥೆ ಶುರುವಾಯ್ತು. ಹಳ್ಳಿಗೆ ಅಂತಲೇ ಒಂದು ಚಿಕ್ಕ ಎಕ್ಸ್‌ಚೇಂಜ್ ಮಾಡಿದರು, 128 ಪೋರ್ಟಿಂದು. ನಮ್ಮ ಧೂಳು, ಸೆಕೆ ತಡ್ಕೋಬೇಕು, ಎಸಿ ಕೇಳಬಾರದು ಅಂತ ಲೆಕ್ಕ ಹಾಕಿ ಮಾಡಿದ್ದು. ಅದರಲ್ಲಿ ಮೊದಲನೇದು 1986ರ ಜುಲೈನಲ್ಲಿ ಕೂತಿದ್ದು ನಮ್ಮ ಕರ್ನಾಟಕದ ಕಿತ್ತೂರಲ್ಲೇ. ಹಳ್ಳಿ ಹೇಗಿದೆ ಅಂತ ಮೊದಲು ನೋಡಿ ಆಮೇಲೆ ಯಂತ್ರ ಮಾಡಿದ್ದು. ಇದನ್ನ ನೆನಪಿಟ್ಕೊಳ್ಳಿ, ನನ್ನ ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಹಾಗಂತ ತಂತಿ ದೇವರೇನಲ್ಲ. ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಹೋದರೆ ವಾರಗಟ್ಟಲೆ ಸತ್ತು ಬಿದ್ದಿರ್ತಿತ್ತು, ಲೈನ್‌ಮನ್ನಿಗೆ ಕಾದು ಕಾದು ಸಾಕಾಗ್ತಿತ್ತು. ಮೊದಲ ಮೋಡೆಮ್ ಏಪ್ರಿಲ್ ತಿಂಗಳ ಸಿಡಿಲಿಗೆ ಸುಟ್ಟೇ ಹೋಯ್ತು. ಗುಡುಗು ಕೇಳಿದ ಕೂಡಲೇ ತಂತಿ ಕೀಳಬೇಕು ಅನ್ನೋ ಬುದ್ಧಿ ಬಂದಿದ್ದು ಎರಡನೇ ಮೋಡೆಮ್ಮಿಗೆ ದುಡ್ಡು ಕೊಟ್ಟಮೇಲೆ.

ಸರಿ, ಈ ಸಲ ಅಣ್ಣನ ಮಗನೂ ನಾನೂ ಸೇರಿ ಕಂಪ್ಯೂಟರ್ ಧೂಳು ಹೊಡೆದು ಹಚ್ಚಿದ್ವಿ. ಹತ್ತಿತು! ಅವನಿಗೂ ಹುರುಪು ಬಂತು, ನೆಟ್ಟಿಗೆ ಹಾಕೇ ಬಿಡೋಣ ಅಂತ ಕೂತ್ವಿ. ಆಗಲಿಲ್ಲ. ಒಂದು, ರಸ್ತೆ ಅಗಲ ಮಾಡುವಾಗ ತಾಮ್ರದ ಕೇಬಲ್ಲೇ ಹೋಗಿದೆ. ಈಗ ಮನೆಗೆ ಬಂದಿರೋದು ಫೈಬರ್. ಅದರ ಪೆಟ್ಟಿಗೆಯಲ್ಲೂ ಫೋನಿನ ತೂತು ಇದೆ, ಆದರೆ ಅಲ್ಲಿ ಸದ್ದನ್ನ ತುಂಡು ತುಂಡು ಮಾಡಿ ಕಳಿಸ್ತಾರೆ. ಮಾತಿಗೆ ಸಾಕು, ಮೋಡೆಮ್ಮಿನ ಕೊಯ್ಯ್ ಅಲ್ಲಿ ನೆಟ್ಟಗೆ ಉಳಿಯಲ್ಲ. ಎರಡು, ನಾವು ಕರೆ ಮಾಡಿದರೂ ಆ ಕಡೆ ಎತ್ತೋಕೆ ಮೋಡೆಮ್ ಇರಬೇಕಲ್ಲ, ಹಳೇ ನಂಬರಿನಲ್ಲಿ ಯಾರೂ ಇಲ್ಲ. ಮೂರು, ಹೇಗೋ ಹೋದರೂ ಈಗಿನ ಪುಟಗಳ ಬೀಗ ವಿಂಡೋಸ್ 98ರ ಬ್ರೌಸರಿಗೆ ತೆಗೆಯೋಕೆ ಬರಲ್ಲ.

ಆದರೆ ಅದರೊಳಗೆ ನನಗೆ ಬೇಕಾದ್ದು ಒಂದಿತ್ತು. 2003ರ ಜೂನ್‌ನಿಂದ 2014ರ ವರೆಗೆ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದ ಲೆಕ್ಕ. ಕೊಳೆ ಔಷಧಿ ಹೊಡೆದ ತಾರೀಕು, ಎಷ್ಟು ಕೊನೆ ಉದುರಿತು ಅನ್ನೋದೂ ಇದೆ. ಪುಸ್ತಕದಲ್ಲಿದ್ದಿದ್ದನ್ನ ಗೆದ್ದಲು ತಿಂದಿದೆ. ಪೆನ್ ಡ್ರೈವ್ ಹಾಕಿದರೆ ಈ ಕಂಪ್ಯೂಟರಿಗೆ ಗುರುತೇ ಇಲ್ಲ. ಆಗ ಮೋಡೆಮ್ ಹಾಕ್ತಿದ್ದ ಅದೇ ಕಾಮ್ ಪೋರ್ಟ್ ನೆನಪಾಯ್ತು. ಅಣ್ಣನ ಮಗ ಒಂದು ಯುಎಸ್‌ಬಿ ಕನ್ವರ್ಟರ್ ತರಿಸಿದ. ಒಂಬತ್ತು ಪಿನ್ನಿನ ಕೇಬಲ್ಲಿನಲ್ಲಿ ಎರಡನೇದನ್ನೂ ಮೂರನೇದನ್ನೂ ಅದಲು ಬದಲು ಮಾಡಿ, ಐದನೇದನ್ನ ನೇರ ಬಿಟ್ಟು ಬೆಸುಗೆ ಹಾಕಿದ. ಈ ಕಡೆ ಹೈಪರ್‌ಟರ್ಮಿನಲ್, ಆ ಕಡೆ ಅವನ ಲ್ಯಾಪ್‌ಟಾಪ್. ವೇಗ ಎರಡೂ ಕಡೆ 9600. ನಾಲ್ಕು ಸಾವಿರ ಚಿಲ್ಲರೆ ಸಾಲು, ಸುಮಾರು 60 ಕೆಬಿ. ಒಂದು ನಿಮಿಷ ಹಿಡೀತು. ಹನ್ನೊಂದು ವರ್ಷದ ಮಳೆ ಒಂದು ನಿಮಿಷದಲ್ಲಿ ಈ ಕಡೆ ಬಂದು ಕೂತಿತು. ಯಾಕೋ ಗಂಟಲು ಕಟ್ಟಿತು ಮಾರಾಯ್ರೆ.

ಈಗ ನಾನು ಹೇಳಬೇಕಾದ್ದು. ಈ ವರ್ಷ ನಮ್ಮ ಪಕ್ಕದ ತೋಟದವರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟೋಕೆ ಆಗಲಿಲ್ಲ. ಕಡೇ ಮೂರು ದಿನ ಗಾಳಿ ಮಳೆ, ಕರೆಂಟ್ ಇಲ್ಲ, ಟವರಿನ ಬ್ಯಾಟರಿಯೂ ಹೋಗಿತ್ತು. ಗುಡ್ಡ ಹತ್ತಿದರೆ ಒಂದು ಗೆರೆ ಸಿಗ್ನಲ್, ಅದರಲ್ಲಿ ಪುಟ ತೆರೆಯಲ್ಲ. ತೆರೆದರೆ ಓಟಿಪಿ ಬರಲ್ಲ. ಓಟಿಪಿ ಬರೋ ಹೊತ್ತಿಗೆ ಪುಟ ಹೋಗಿರುತ್ತೆ. ಮಾರನೇ ದಿನ ಕಚೇರಿಗೆ ಹೋದರೆ "ತಾರೀಕು ಮುಗೀತು, ನಮ್ಮ ಕೈಯಲ್ಲಿಲ್ಲ" ಅಂದರು. ಆಮೇಲೆ ಕೊಳೆ ಬಂದು ಅರ್ಧ ತೋಟ ಉದುರಿತು. ತಪ್ಪು ಯಾರದ್ದು? ಅವರ ಹತ್ತಿರ ದುಡ್ಡಿತ್ತು, ಪಹಣಿ ಇತ್ತು, ಮನಸ್ಸೂ ಇತ್ತು.

ಒಂದು ಲೆಕ್ಕ ನೋಡಿ. ನನ್ನ ಹಳೇ ಮೋಡೆಮ್ ಸೆಕೆಂಡಿಗೆ ನಾಲ್ಕು ಕೆಬಿ ಹತ್ತಿರ ತರ್ತಿತ್ತು. ಅಡಿಕೆ ಧಾರಣೆಯ ಪಟ್ಟಿ ಬರೀ ಅಕ್ಷರ ಆದರೆ ಐದು ಕೆಬಿ, ಎರಡು ಸೆಕೆಂಡ್ ಸಾಕು. ಈಗಿನ ಪುಟದಲ್ಲಿ ಮೇಲೆ ಫೋಟೋ, ಕೆಳಗೆ ಫೋಟೋ, ಓಡೋ ಚಿತ್ರ ಎಲ್ಲ ಸೇರಿ ಎರಡು ಎಂಬಿ ಆದರೆ ಅದೇ ಲೈನಿನಲ್ಲಿ ಒಂಬತ್ತು ನಿಮಿಷದ ಹತ್ತಿರ. ಗುಡ್ಡದ ಮೇಲಿನ ಒಂದು ಗೆರೆ ಸಿಗ್ನಲ್ ಅಂದರೆ ಹೆಚ್ಚುಕಮ್ಮಿ ಆ ಕಾಲದ ಮೋಡೆಮ್ಮೇ. ಅವತ್ತು ಪುಟ ಮಾಡೋರಿಗೆ ನಮ್ಮ ಲೈನ್ ನಿಧಾನ ಅಂತ ಗೊತ್ತಿತ್ತು, ಹಗುರಾಗಿ ಮಾಡ್ತಿದ್ದರು. ಇವತ್ತು ಪೇಟೆಯಲ್ಲಿ ಕೂತು ಪೇಟೆಯ ವೇಗಕ್ಕೆ ಮಾಡ್ತಾರೆ, ನಾವು ಗುಡ್ಡ ಹತ್ತಬೇಕು.

ಅಣ್ಣನ ಮಗ ಅಂತಾನೆ, "ಚಿಕ್ಕಪ್ಪ, ಹಳೇದೇ ಚೆಂದ ಅನ್ನೋ ಚಟ ನಿಮಗೆ". ಅಲ್ಲ. ನಾನಿದನ್ನ ಬರೀತಿರೋದೂ ಫೈಬರಿನಲ್ಲೇ. ಬಹಳ ಒಳ್ಳೇದು ಅದು, ಕರೆಂಟ್ ಇರೋ ತನಕ. ಹಳೇ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ತಂತಿಯಲ್ಲಿ ಬರ್ತಿತ್ತು. ಮನೆಯಲ್ಲಿ ಕತ್ತಲಿದ್ದರೂ ಲೈನ್ ಸರಿಯಿದ್ದರೆ ಡಾಕ್ಟರಿಗೆ ಫೋನ್ ಹೋಗ್ತಿತ್ತು. ಹೊಸದು ಬೇಡ ಅಂತ ನಾನು ಹೇಳ್ತಿಲ್ಲ. ಹಳೇದು ಮಾಡ್ತಿದ್ದ ಕೆಲಸವನ್ನ ಹೊಸದಕ್ಕೂ ಕಲಿಸಿ ಅಂತ ಹೇಳ್ತಿದೀನಿ.

ಮುಂದಿನ ಗ್ರಾಮಸಭೆಯಲ್ಲಿ ಮೂರು ವಿಷಯ ಬರಹದಲ್ಲಿ ಕೊಡೋಣ ಅಂತಿದೀನಿ. ರೈತರ ಅರ್ಜಿ ಪುಟಗಳು ಬರೀ ಅಕ್ಷರದ್ದೂ ಒಂದು ಇರಲಿ. ಕರೆಂಟ್, ಸಿಗ್ನಲ್ ಹೋದ ದಿನಗಳಲ್ಲಿ ಬಂದ ಅರ್ಜಿಯನ್ನ ಕಾಗದದಲ್ಲಿ ತಗೊಂಡು ಮೊಹರು ಹಾಕಿ ಕೊಡಲಿ, ಆ ತಾರೀಕೇ ಲೆಕ್ಕಕ್ಕೆ ಬರಲಿ. ಟವರಿಗೂ ಫೈಬರ್ ಕೂರುವ ಕೋಣೆಗೂ ಮಳೆಗಾಲಕ್ಕೆ ಮೊದಲೇ ಬ್ಯಾಟರಿ ಪರೀಕ್ಷೆ ಆಗಲಿ. ಇದರಲ್ಲಿ ಆಕಾಶಕ್ಕೆ ಏಣಿ ಹಾಕೋದು ಯಾವುದೂ ಇಲ್ಲ. ಒಬ್ಬನೇ ಕೊಟ್ಟರೆ ಫೈಲಿಗೆ ಹೋಗುತ್ತೆ, ನಲವತ್ತು ಸಹಿ ಇದ್ದರೆ ಓದ್ತಾರೆ. ಬನ್ನಿ.

ನಮ್ಮ ಪಾಲಿನ ಕೆಲಸವೂ ಇದೆ. ಫೈಬರ್ ಇದ್ದವರು ಆ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಇಡಿ. ವಿಮೆ, ಬೆಳೆ ಸಮೀಕ್ಷೆ ಕಡೇ ದಿನಕ್ಕೆ ಇಟ್ಕೋಬೇಡಿ. ಮಳೆ ನೀವೇ ಅಳೆಯಿರಿ, ಪುಸ್ತಕದಲ್ಲೂ ಬರೀರಿ, ಫೋನಿನಲ್ಲೂ ಬರೀ ಅಕ್ಷರದ ಫೈಲಾಗಿ ಇಡಿ. ಪಂಚಾಯ್ತಿ ಮಳೆಮಾಪಕ ಒಂದು ಹೇಳಿ ನಮ್ಮ ತೋಟ ಇನ್ನೊಂದು ಹೇಳಿದ ದಿನ, ಕೈಯಲ್ಲಿ ಲೆಕ್ಕ ಇದ್ದವನಿಗೆ ಮಾತಾಡೋಕೆ ಬಾಯಿ ಇರುತ್ತೆ.

ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಇರೋರು ಗುಜರಿಗೆ ಹಾಕೋ ಮುಂಚೆ ಒಂದು ಮಾತು ಹೇಳಿ. ಕೇಬಲ್ ನನ್ನ ಹತ್ತಿರ ಇದೆ, ತಂದು ಹಾಕಿ ಕೊಡ್ತೀನಿ. ಒಂದು ಲೋಟ ಕಾಫಿ ಕೊಟ್ಟರೆ ಸಾಕು.